ಮೂರು ಎಂಎಂ ದಪ್ಪದ ಗಿಳಿಗಳು

ನಿವೃತ್ತಿಯಾದ ಗಂಡಸು ಮನೆಯಲ್ಲಿ ಇರಬಾರದು, ಇದ್ದರೂ ಸದ್ದು ಮಾಡಬಾರದು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ನಾನು ಮನೆಯಲ್ಲೂ ಉಳಿದೆ, ಸಾಲದ್ದಕ್ಕೆ ಸದ್ದು ಮಾಡುವ ಮಷೀನೊಂದನ್ನು ತಂದು ಹಿತ್ತಲ ಕೋಣೆಯಲ್ಲಿ ಇಟ್ಟೆ. ಅದಕ್ಕೆ ಸ್ಕ್ರೋಲ್ ಸಾ ಎನ್ನುತ್ತಾರೆ. ದಾರದಷ್ಟು ಸಣ್ಣ ಗರಗಸದ ಬ್ಲೇಡು ನೆಟ್ಟಗೆ ನಿಂತು ಮೇಲೆ ಕೆಳಗೆ ಓಡುತ್ತಿರುತ್ತದೆ; ತೆಳ್ಳನೆಯ ಪ್ಲೈವುಡ್ಡನ್ನು ಅದರೆದುರು ತಿರುಗಿಸುತ್ತ ಹೋದರೆ ಹೂವು, ಬಳ್ಳಿ, ಹಕ್ಕಿ ಏನು ಬೇಕಾದರೂ ಕೊರೆದುಕೊಂಡು ಬರುತ್ತದೆ. ಗೋಕುಲ ರಸ್ತೆಯಲ್ಲಿ ಕಟ್ಟಿಗೆಯ ಆಟಿಕೆ ಮಾಡುತ್ತಿದ್ದವರೊಬ್ಬರು ಧಂದೆ ಮುಚ್ಚಿದಾಗ ಅಗ್ಗಕ್ಕೆ ಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿ ನನಗೆ ಆಗ ಅರ್ಥವಾಗಿರಲಿಲ್ಲ.

ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು, "ಹೊಲಿಗಿ ಮಷೀನಿನಂಗ ಐತಿ. ಆದ್ರ ಹೊಲಿಯೂದಿಲ್ಲ, ಹರೀತೈತಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹರಿಯೋ ಮಷೀನು.

ನಾನು ಸರಕಾರಿ ನಕ್ಷೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದವನು. ಇಂಜಿನಿಯರುಗಳು ಎಳೆದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಅವರ ಗೆರೆಯ ಮೇಲೆ ಅದೇ ಗೆರೆ ಎಳೆಯುವುದು ನನ್ನ ಕೆಲಸ. ಈ ಜಿಲ್ಲೆಯ ಎಷ್ಟೋ ಸೇತುವೆ, ಕಾಲುವೆ, ಶಾಲೆ ಕಟ್ಟಡಗಳು ನನ್ನ ಕೈಯಿಂದ ಹಾದುಹೋಗಿವೆ; ಒಂದರಲ್ಲೂ ಒಂದು ಗೆರೆ ನನ್ನದಲ್ಲ. ಮುಂದೆ ಕಂಪ್ಯೂಟರ್ ಬಂತು. ಅದು ನನಗಿಂತ ಚೆನ್ನಾಗಿ ಹೇಳಿದ ಮಾತು ಕೇಳುತ್ತಿತ್ತು. ಕೊನೆಯ ವರ್ಷಗಳಲ್ಲಿ ನಾನು ಹಳೆಯ ನಕ್ಷೆಗಳ ಧೂಳು ಹೊಡೆಯುತ್ತ ಕೂತೆ. ನಿವೃತ್ತಿಯ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಒಂದಾದರೂ ವಸ್ತು ನನ್ನದೇ ಗೆರೆಯಿಂದ ಹುಟ್ಟಬೇಕು, ಅದು ಯಾರದಾದರೂ ಗೋಡೆಯ ಮೇಲೆ ಇರಬೇಕು ಅನ್ನಿಸಿತು.

ಯಾರದಾದರೂ ಎಂದರೆ ಸುಳ್ಳಾಗುತ್ತದೆ. ಅಕ್ಕನ ಗೋಡೆಯ ಮೇಲೆ ಇರಬೇಕಿತ್ತು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮಿನಬಾವಿಯ ಒಕ್ಕಲುತನದ ಮನೆಗೆ ಕೊಟ್ಟಿದ್ದಾರೆ. ನಾನು ಚಡ್ಡಿ ಹಾಕಿಕೊಳ್ಳುತ್ತಿದ್ದ ಕಾಲಕ್ಕೆ ಆಕೆ ಅಂಗಳದಲ್ಲಿ ಹಾಕಿದ ರಂಗೋಲಿಯ ಗುಂಟ ಬೆರಳು ಆಡಿಸುತ್ತ ಹೋಗುತ್ತಿದ್ದೆ. ಎಲ್ಲಾದರೂ ಅಳಿಸಿದರೆ ತಲೆಗೆ ಒಂದು ಬೀಳುತ್ತಿತ್ತು. "ಗೆರಿ ಎಳಿಯೂ ಮುಂದ ಉಸರ ಹಿಡೀಬೇಕ" ಎಂದು ಕಲಿಸಿದವಳು ಆಕೆಯೇ. ಟ್ರೇಸರ್ ನೌಕರಿಗೆ ಅಷ್ಟು ವಿದ್ಯೆ ಸಾಕಾಯಿತು. ಆದರೆ ಯಾವುದನ್ನಾದರೂ ಛಲೋ ಆಗೇತಿ ಎಂದು ಆಕೆ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಮದುವೆಗೆ ಹೋದರೆ ಮಂಟಪದ ಯಾವ ಕಂಬ ವಾಲಿದೆ ಎಂದು ಅಕ್ಕಿಕಾಳು ಬೀಳುವ ಮೊದಲೇ ಹೇಳುವ ಹೆಣ್ಣುಮಗಳು ಆಕೆ. ಅಂಥವಳ ಗೋಡೆಗೆ ಏರುವುದೆಂದರೆ ಸಣ್ಣ ಮಾತಲ್ಲ.

ಮೊದಲ ಸಲ ಏರಲು ಹೋಗಿ ನಾನು ಬಿದ್ದೆ. ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿಂದ, ಫೋಟೋದ ಬೆನ್ನಿಗೆ ಹಾಕುವ ತೆಳು ಪ್ಲೈ ತುಂಡೊಂದನ್ನು ತಂದು ನವಿಲು ಕೊರೆದೆ. ಶ್ರಾವಣದ ಮೊದಲ ಸೋಮವಾರ ಅಕ್ಕನಿಗೆ ಕೊಟ್ಟುಬಂದೆ. ಶ್ರಾವಣ ಮುಗಿಯುವ ಹೊತ್ತಿಗೆ ತಂಪು ಹಿಡಿದು ಪದರು ಪದರಾಗಿ ಬಿಚ್ಚಿಕೊಂಡು, ನವಿಲಿನ ಗರಿ ನಿಜವಾಗಿಯೂ ಕೆದರಿತ್ತು. ಮುಂದೆ ಹೋದಾಗ ಅದು ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತಿತ್ತು.

"ನೋಡ ತಮ್ಮಾ, ಡಬ್ಬಿ ಮ್ಯಾಲ ಅಗದೀ ಬರೋಬ್ಬರಿ ಕುಂತೈತಿ" ಎಂದು ಅಕ್ಕ ಸಂತೋಷದಿಂದಲೇ ತೋರಿಸಿದಳು. "ತೂತು ಅದಾವಲ್ಲ, ಗಾಳಿನೂ ಆಡತೈತಿ."

ನಾನು ನಕ್ಕೆ. ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವಾಗ ಮಾತ್ರ ಆ ಡಬ್ಬಿಯೇ ಕಣ್ಣ ಮುಂದೆ ಬರುತ್ತಿತ್ತು. ಅರವತ್ತು ದಾಟಿದ ಮನುಷ್ಯ ಒಂದು ಮುಚ್ಚಳಕ್ಕೆ ಇಷ್ಟು ನೊಂದುಕೊಳ್ಳಬಾರದು ಎಂದು ನನಗೂ ಗೊತ್ತಿತ್ತು. ಆದರೂ ನೊಂದೆ. ತಪ್ಪು ನನ್ನ ಕೈಯದಲ್ಲ, ಪ್ಲೈಯದು ಎಂದು ಸಮಾಧಾನ ಮಾಡಿಕೊಂಡು, ಒಳ್ಳೆಯ ತೆಳು ಪ್ಲೈ ಹುಡುಕಲು ಹೊರಟೆ.

ಲೋಕದಲ್ಲಿ ದಪ್ಪ ಪ್ಲೈವುಡ್ಡಿಗೆ ಬರಗಾಲವಿಲ್ಲ. ಜನ ಮನೆ ಕಟ್ಟುತ್ತಾರೆ, ಕಪಾಟು ಮಾಡಿಸುತ್ತಾರೆ. ಮೂರು ಎಂಎಂ ದಪ್ಪದ್ದು, ಒಳಗೆ ಪೊಳ್ಳಿಲ್ಲದ್ದು, ಪದರು ಬಿಡದ್ದು, ಅದರ ಮೇಲೆ ಪೆನ್ಶನ್ನಿಗೆ ಎಟುಕುವಂಥದ್ದು ಬೇಕೆಂದರೆ ಅಂಗಡಿಯವರು ನಮ್ಮನ್ನು ಡಾಕ್ಟರರು ರೋಗಿಯನ್ನು ನೋಡುವಂತೆ ನೋಡುತ್ತಾರೆ. ಅಮರಗೋಳದ ಮಾರುಕಟ್ಟೆಗೆ ಹೋಗಿ ಸೇಬಿನ ಪೆಟ್ಟಿಗೆಯ ಹಲಗೆ ಹೊತ್ತು ತಂದೆ. ಗಂಟು, ಮೊಳೆ ತಗುಲಿ ಮೂರು ಬ್ಲೇಡು ಮುರಿದವು. ಮನೆ ತುಂಬ ಸೇಬಿನ ವಾಸನೆ ಬಂತೆಂದು ಹೆಂಡತಿ ಮಾತ್ರ ಮೆಚ್ಚಿದಳು. ಪಕ್ಕದ ಮನೆಯವರು ಒಗೆಯಲಿದ್ದ ಕೇರಂ ಬೋರ್ಡು ಸಿಕ್ಕಿತು. ಹದವಾದ ಪ್ಲೈ, ಆದರೆ ಯಾವ ಹೂವು ಕೊರೆದರೂ ನಡುವೆ ಕೆಂಪು ಗೆರೆಯೊಂದು ಹಾದುಹೋಗುತ್ತಿತ್ತು.

ಕೊನೆಗೆ ಗೋಕುಲ ರಸ್ತೆಯ ದೊಡ್ಡ ಪ್ಲೈವುಡ್ ಅಂಗಡಿಯ ಮೆಟ್ಟಿಲು ಹತ್ತಿದೆ. ಮಾಲೀಕರು ಹಣೆ ತುಂಬ ವಿಭೂತಿ ಹಚ್ಚಿಕೊಂಡ, ನನ್ನದೇ ವಯಸ್ಸಿನ, ನಗುಮುಖದ ಮನುಷ್ಯ.

"ಬರ್ರಿ ಸರ, ಕುಂದರ್ರಿ. ಚಾ ತೊಗೋರಿ. ಎಷ್ಟ ಶೀಟ್ ಬೇಕ್ರಿ?"

"ಶೀಟ್ ಬ್ಯಾಡ್ರಿ. ಮೂರು ಎಂಎಂದು, ಒಂದ ಫೂಟ ಉದ್ದ, ಒಂದ ಫೂಟ ಅಗಲ ಸಿಕ್ರ ಸಾಕು."

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. "ನಮ್ಮಲ್ಲೆ ಎಂಟು-ನಾಲ್ಕು ಫೂಟಿನ ಶೀಟ್ ಹಂಗ ಇಡೀ ಕೊಡ್ತೇವ್ರಿ ಸರ, ಹೋಳ ಮಾಡಿ ಕೊಡೂದಿಲ್ಲ. ಅಲ್ರಿ, ಏನ ಮಾಡಿಸಾಕತ್ತೀರಿ ಅದ್ರಾಗ?"

ಗಿಳಿ ಎಂದು ಹೇಳಬೇಕಿತ್ತು. ಎರಡು ಗಿಳಿ ಎದುರು ಬದುರು ಕೂತ ಚಿತ್ರ ಆಗಲೇ ನನ್ನ ಜೇಬಿನಲ್ಲಿತ್ತು. ಆದರೆ ಸುತ್ತ ನಿಂತ ಗುತ್ತಿಗೆದಾರರು ಹತ್ತು, ಇಪ್ಪತ್ತು ಶೀಟಿನ ಮಾತಾಡುತ್ತಿರುವಾಗ, ನೆರೆತ ತಲೆಯ ನಾನು ಗಿಳಿ ಮಾಡುತ್ತೇನೆಂದು ಹೇಳಲು ನಾಲಗೆ ಏಳಲಿಲ್ಲ.

"ಮನಿ ಕಟ್ಸಾಕತ್ತೇನ್ರಿ" ಎಂದುಬಿಟ್ಟೆ. "ಅಮರಗೋಳದ ಕಡೆ."

ಆ ಒಂದು ಸುಳ್ಳಿನಿಂದ ನನ್ನ ಮರ್ಯಾದೆ ಎಲ್ಲಿಗೋ ಏರಿತು. ಮಾಲೀಕರು ಕುರ್ಚಿ ಹತ್ತಿರ ಎಳೆದುಕೊಂಡರು, ಎರಡನೆಯ ಚಹಾ ಬಂತು, ಎದುರಿಗೆ ಸ್ಯಾಂಪಲ್ ತುಂಡುಗಳ ರಾಶಿ ಬಿತ್ತು. ಮನೆ ಕಟ್ಟುವವರು ಕೈಯಲ್ಲಿ ಹಿಡಿದು ನೋಡಲೆಂದು ಕಂಪನಿಯವರು ಕೊಡುವ, ಗೇಣುದ್ದದ ತುಂಡುಗಳು. ತೆಳ್ಳಗಿನವೂ ಇದ್ದವು, ಪುಕ್ಕಟೆ. "ಮನಿಯವರಿಗೆ ತೋರಸ್ರಿ" ಎಂದು ಚೀಲದಲ್ಲಿ ಹಾಕಿಕೊಟ್ಟರು. ನಾನು ಮನೆಯವಳಿಗೆ ತೋರಿಸಿದೆ. ಆಕೆ, "ಮಂದಿಗೆ ಟೋಪಿ ಹಾಕೂ ವಯಸ್ಸೇನ್ರಿ ಇದು?" ಎಂದಳು. ಆ ತುಂಡುಗಳಿಂದ ಎಲೆ, ಮೊಗ್ಗು ಕೊರೆದು ಕೈ ಪಳಗಿಸಿಕೊಂಡೆ.

ತುಂಡು ಮುಗಿದಾಗಲೆಲ್ಲ ಹೋಗಲೇಬೇಕಾಗುತ್ತಿತ್ತು. ಹೋದಾಗಲೆಲ್ಲ ಮನೆಯನ್ನು ಸ್ವಲ್ಪ ಸ್ವಲ್ಪ ಮೇಲೆಬ್ಬಿಸಬೇಕಾಗುತ್ತಿತ್ತು. ಬುನಾದಿ ಆಯಿತು, ಚೌಕಟ್ಟು ನಿಂತಿತು, ಮಳೆಗಾಲವೆಂದು ಸ್ಲ್ಯಾಬ್ ಎರಡು ತಿಂಗಳು ಮುಂದೆ ಹೋಯಿತು. ನಕ್ಷೆ ಕಚೇರಿಯಲ್ಲಿ ಇದ್ದವನಾದ್ದರಿಂದ ಅಳತೆಗಳಲ್ಲಿ ನಾನು ಎಡವಲಿಲ್ಲ. ಅಡುಗೆಮನೆಯ ಕಿಟಕಿ ಪೂರ್ವಕ್ಕೆ ಇಡಬೇಕೆಂದು ಅವರು ಸಲಹೆ ಕೊಟ್ಟರು; ನಾನು ಒಪ್ಪಿ ಇಡಿಸಿದೆ. ಸ್ವಂತದ್ದೆಂದು ನಾನು ಎಳೆದ ಮೊದಲ ನಕ್ಷೆ ಅದೇ ಇರಬೇಕು.

ಒಂದು ಮಧ್ಯಾಹ್ನ ಅಂಗಡಿಯ ಹಿಂದೆ ಕೈತೊಳೆಯಲು ಹೋದಾಗ ಅದು ಕಂಡಿತು. ಹೊರದೇಶದಿಂದ ಬಂದ, ಪ್ಲೈ ಮೇಲೆ ಅಂಟಿಸುವ ಯಾವುದೋ ಹೊದಿಕೆ ಹಾಳೆಗಳ ಕಟ್ಟು ಮುಕ್ಕಾಗದಿರಲೆಂದು ಮೇಲೊಂದು ಕೆಳಗೊಂದು ತೆಳು ಪ್ಲೈ ಇಟ್ಟು ಬಿಗಿದಿದ್ದರು. ಕಟ್ಟು ಬಿಚ್ಚಿ, ಒಂದನ್ನು ಕೆಲಸದವರು ಗಟಾರಕ್ಕೆ ಅಡ್ಡ ಹಾಕಿದ್ದರು, ಇನ್ನೊಂದರ ಮೇಲೆ ಬುತ್ತಿ ಬಿಚ್ಚಿ ಕೂತಿದ್ದರು. ರೊಟ್ಟಿ, ಬದನೆಕಾಯಿ ಪಲ್ಲೆ, ಹಸಿ ಉಳ್ಳಾಗಡ್ಡಿಯ ಕೆಳಗೆ ಹಾಲಿನಂಥ ಬಿಳಿ ಪ್ಲೈ. ನಾನು ಬಾಗಿ ಅಂಚು ನೋಡಿದೆ. ಮೂರು ಪದರು, ಒಂದೂ ಪೊಳ್ಳಿಲ್ಲ. ಅವರ ಊಟ ಮುಗಿಯುವವರೆಗೆ ಕಾದು ನಿಂತೆ. ಪಟ್ಟಿ ಬಿಗಿದ ಗುರುತು, ಮೊಳೆ, ಎಣ್ಣೆಯ ಕಲೆಗಳನ್ನು ಬಿಟ್ಟರೆ ಮೂಲೆಯಲ್ಲಿ ಒಂದೂವರೆ ಫೂಟಿನಷ್ಟು ನಿರ್ಮಲವಾಗಿ ಉಳಿದಿತ್ತು.

"ಪ್ಯಾಕಿಂಗಿಂದರೀ ಅದು, ಒಯ್ರಿ" ಎಂದರು ಮಾಲೀಕರು. "ಮುಂದಿನ ಮಾಲ ಬಂದಾಗ ಇನ್ನೂ ಕೊಡ್ತೇನಿ."

ಇಪ್ಪತ್ತೆರಡು ದಿನ ಕೊರೆದೆ. ಉಸಿರು ಹಿಡಿದು, ಬಿಟ್ಟು, ಮತ್ತೆ ಹಿಡಿದು. ಎರಡು ಗಿಳಿ, ನಡುವೆ ಬಳ್ಳಿ, ಬಳ್ಳಿಯಲ್ಲಿ ಮೆಣಸಿನಕಾಯಿಯಷ್ಟು ಸಣ್ಣ ಎಲೆಗಳು. ಇಪ್ಪತ್ತೊಂದನೆಯ ದಿನ ಕರೆಂಟು ಹೋಗಿ ಬಂದಾಗ ಬ್ಲೇಡು ಜಿಗಿದು ಎಡಗಡೆಯ ಗಿಳಿಯ ಕೊಕ್ಕಿನ ತುದಿ ಕೂದಲೆಳೆಯಷ್ಟು ಹಾರಿತು. ಮರಳು ಕಾಗದದಿಂದ ಉಜ್ಜಿ ಹೊಂದಿಸಿದೆ. ಯಾರಿಗೂ ಕಾಣುವಂತಿರಲಿಲ್ಲ. ಹಿಂದೆ ಮುಂದೆ ಮೂರು ಸಲ ಪಾಲಿಶ್ ಹಚ್ಚಿದೆ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಎರಡು ಸಲ ಹೊರಳಿಸಿ ನೋಡಿದಳು. ಬರುವ ಹುಣ್ಣಿಮೆಗೆ ಅಮ್ಮಿನಬಾವಿಗೆ ಹೋಗಿ ಕೊಡುವುದೆಂದು ನಿಶ್ಚಯವಾಯಿತು.

ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಪ್ಲೈವುಡ್ ಅಂಗಡಿಯ ಮಾಲೀಕರು ಪತ್ನಿ ಸಮೇತ ನಮ್ಮ ಮನೆಬಾಗಿಲಿಗೆ ಬಂದರು. ಅವರೇ ಹೊಸ ಮನೆ ಕಟ್ಟಿದ್ದರು, ಖರೇ ಮನೆ. ವಾಸ್ತುಶಾಂತಿಯ ಕಾರ್ಡಿನ ಮೇಲೆ ಅಡಿಕೆ, ಅರಿಸಿನ ಇಟ್ಟು ಕೊಟ್ಟರು. "ನಿಮ್ಮ ಮನಿ ವಾಸ್ತುಕ್ಕೂ ನಾವು ಬರಾವ್ರ ಅದೇವಿ ಮತ್ತ" ಎಂದು ಹೇಳಿ ಹೋದರು. ಹೆಂಡತಿ ನನ್ನ ಮುಖ ನೋಡಿದಳು. ನಾನು ಪಾದ ನೋಡಿಕೊಂಡೆ.

ನಮ್ಮ ಕಡೆ ಇಂಥ ಕಾರ್ಯಕ್ಕೆ ಬರಿಗೈಲಿ ಹೋಗುವುದಿಲ್ಲ, ಆಯೇರಿ ಮಾಡಬೇಕು. ಟಾವೆಲ್ಲು, ಕುಪ್ಪಸದ ಕಣ, ತಾಟು ಏನಾದರೂ ಸರಿ. ಆಯೇರಿಯ ವಸ್ತುಗಳು ಒಂದೆಡೆ ನಿಲ್ಲುವುದಿಲ್ಲ. ಬಂದದ್ದು ಟ್ರಂಕಿಗೆ ಹೋಗಿ, ಮುಂದಿನ ಕಾರ್ಯಕ್ಕೆ ಇನ್ನೊಬ್ಬರ ಮನೆಗೆ ಹೊರಡುತ್ತದೆ. ಒಂದೇ ಕಟ್ಟಳೆ: ಕೊಟ್ಟವರ ಮನೆಗೇ ಅದು ಮರಳಬಾರದು. ಮರಳಿದರೆ ಎರಡೂ ಮನೆಗೆ ಅವಮಾನ. ಅದಕ್ಕೇ ಪ್ರತಿಯೊಂದರ ಹಿಂದೆ ಕೊಟ್ಟವರ ಹೆಸರು, ಊರು ಬರೆದಿಡುತ್ತಾರೆ.

"ಒಂದ ತಾಟ ಕೊಟ್ರ ಮುಗೀತು" ಎಂದಳು ಹೆಂಡತಿ. ಆದರೆ ವರ್ಷಗಟ್ಟಲೆ ಆ ಮನುಷ್ಯನ ಚಹಾ ಕುಡಿದು, ಸ್ಯಾಂಪಲ್ ಕದ್ದು, ಇಲ್ಲದ ಮನೆಗೆ ಅವರಿಂದ ಕಿಟಕಿ ಇಡಿಸಿಕೊಂಡಿದ್ದೆ. ಸುಳ್ಳನ್ನು ಒಪ್ಪಿಕೊಳ್ಳುವ ಧೈರ್ಯವಿಲ್ಲದವನು ಬೆಲೆಬಾಳುವ ಆಯೇರಿ ಮಾಡುತ್ತಾನೆ. ಮುಂದಿನ ಮಾಲು ಬಂದಾಗ ಪ್ಲೈ ಸಿಕ್ಕೇ ಸಿಗುತ್ತದೆ, ಅಕ್ಕನಿಗೆ ಇನ್ನೊಂದು ಮಾಡಿದರಾಯಿತು ಎಂದು ಗಿಳಿಗಳನ್ನು ಕಾಗದದಲ್ಲಿ ಸುತ್ತಿದೆ.

ಹೊಸ ಮನೆಯ ಪಡಸಾಲೆಯಲ್ಲಿ ಆಯೇರಿ ತೆಗೆದುಕೊಳ್ಳುತ್ತಿದ್ದವರು ಕಾಗದ ಸರಿಸಿ, ಗಿಳಿಗಳನ್ನು ಬೋರಲು ಹಾಕಿ, ಬೆನ್ನ ಮೇಲೆ ಹೆಸರು ಬರೆಯಲು ಬಾಲ್‌ಪೆನ್ನು ಎತ್ತಿದರು. ನಾನು ಕೈ ಅಡ್ಡ ಹಿಡಿದೆ.

"ಅದರ ಮ್ಯಾಲ ಬರೀಬ್ಯಾಡ್ರಿ! ಪಾಲಿಶ್ ಹಾಳಾಗತೈತಿ."

ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಮೇಲಿನ ಕಾಗದಕ್ಕೆ ಚೀಟಿ ಅಂಟಿಸಿದರು. ನನ್ನ ಕೈಕೆಲಸವೆಂದು ಮಾಲೀಕರಿಗೆ ಹೇಳುವ ಆಸೆಯಿತ್ತು. ಮಂದಿ ಮುತ್ತಿದ್ದರು, ಆಗಲಿಲ್ಲ. ಒಳ್ಳೆಯ ಕೆಲಸ ತಾನೇ ಮಾತಾಡುತ್ತದೆ ಎಂದುಕೊಂಡು ಎರಡು ಹೋಳಿಗೆ ಹೆಚ್ಚಿಗೆ ತಿಂದು ಬಂದೆ.

ಅದು ಮಾತಾಡಲಿಲ್ಲ. ಮುಂದೆ ಅಂಗಡಿಗೆ ಹೋದಾಗ ಮಾಲೀಕರು ಕೇಳಿದ್ದು ಒಂದೇ, "ಮನಿ ಎಲ್ಲೀಮಟ ಬಂತ್ರಿ?" ಯಾವುದೋ ನೆಪದಿಂದ ಅವರ ಮನೆಗೆ ಹೋಗಿ ಗೋಡೆಗಳನ್ನೆಲ್ಲ ನೋಡಿದೆ. ಗಿಳಿ ಇರಬೇಕಾದಲ್ಲಿ ಭಾರೀ ಗಡಿಯಾರ ಟಿಕಟಿಕ ಎನ್ನುತ್ತಿತ್ತು. ಹೊಸ ಮಾಲು ಬಂತು, ರಟ್ಟಿನಲ್ಲಿ ಬಂತು. ಕಂಪನಿಯವರು ಪ್ಲೈ ಇಡುವುದನ್ನು ಬಿಟ್ಟಿದ್ದರು. ಆ ಜಾತಿಯ ಪ್ಲೈ ಬೇಕಾದರೆ ತರಿಸಬೇಕು, ಇಡೀ ಶೀಟು ಕೊಳ್ಳಬೇಕು, ಬೆಲೆ ಕೇಳಿದರೆ ಕೂತಲ್ಲೇ ಬೆವರು ಬರುತ್ತಿತ್ತು. ಒಂದೂವರೆ ಫೂಟಿನ ಗಿಳಿಗಾಗಿ ಯಾರು ಮೂವತ್ತೆರಡು ಚದರ ಫೂಟು ಕೊಳ್ಳುತ್ತಾರೆ? ಮಷೀನಿಗೆ ಹಳೆಯ ಪಂಚೆ ಹೊದಿಸಿದೆ.

ಎರಡು ವರ್ಷ ಕಳೆದವು. ಲಗ್ನವಾಗಿ ಹೋಗಿದ್ದ ಮಗಳು ಬಸುರಾಗಿ ಏಳು ತಿಂಗಳು ತುಂಬಿ, ನಮ್ಮ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಇಟ್ಟುಕೊಂಡೆವು. ಅಮ್ಮಿನಬಾವಿಯಿಂದ ಅಕ್ಕ ಬೆಳಿಗ್ಗೆಯೇ ಬಂದಳು. ಮಗಳಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟಳು. ಆಮೇಲೆ ನನ್ನನ್ನೂ ಹೆಂಡತಿಯನ್ನೂ ಒಳಗೆ ಕರೆದು, ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದನ್ನು ಮಂಚದ ಮೇಲಿಟ್ಟು ಬಿಚ್ಚಿದಳು.

ಎರಡು ಗಿಳಿ. ನಡುವೆ ಬಳ್ಳಿ.

ಹೆಂಡತಿ ಬಾಯಿ ತೆರೆದಳು. ನಾನು ಆಕೆಯ ಕಾಲು ಮೆಟ್ಟಿದೆ.

"ಎಲ್ಲಿಂದ ಬಂತಕ್ಕಾ ಇದು?" ಎಂದೆ.

"ಮೊಮ್ಮಗನ ತೊಟ್ಟಲಕ್ಕ ಬಂದಿತ್ತು. ನಾವು ಮೆಣಸಿನಕಾಯಿ ಹಾಕತೇವಲ್ಲ, ಅಮರಗೋಳದ ದಲಾಲಿ ಅಂಗಡಿ ಸಾವಕಾರ್ರು, ಅವ್ರ ತಂದಿದ್ರು. ಅವ್ರ ತಮ್ಮಂದು ಗೋಕುಲ ರೋಡಿನ್ಯಾಗ ಪ್ಲೈವುಡ್ಡಿನ ಅಂಗಡಿ ಐತಂತ. ಹಿಂದ ಹೆಸರಿಲ್ಲ, ಏನಿಲ್ಲ. ಅಂಗಡ್ಯಾಗಿಂದ ಕೊಂಡದ್ದ ಇರಬೇಕು."

ಅಕ್ಕ ಗಿಳಿಯ ರೆಕ್ಕೆಯ ಮೇಲೆ ಬೆರಳಾಡಿಸಿದಳು. ಗೆರೆಯ ಗುಂಟ, ಮೆಲ್ಲಗೆ, ನಾನು ಸಣ್ಣವನಿದ್ದಾಗ ಆಕೆಯ ರಂಗೋಲಿಯ ಮೇಲೆ ಆಡಿಸಿದಂತೆ.

"ಆಯೇರಿ ಸಾಮಾನ ಅಂದ್ರ ನಾ ಟ್ರಂಕಿನ್ಯಾಗ ಒಗೀತೇನಿ. ಇದನ್ನ ಒಗಿಯಾಕ ಮನಸ ಆಗಲಿಲ್ಲ ನೋಡು. ದೇವರ ಜಗಲಿ ಮ್ಯಾಲ ಹಾಕಿದ್ದೆ, ಒಂದೂವರಿ ವರ್ಷ. ದಿನಾ ಮುಂಜಾನಿ ಪೂಜಿಗೆ ಕುಂತ್ರ ದೇವರಿಗಿಂತ ಮೊದಲ ಇದ ಕಾಣತಿತ್ತು. ಅಗದೀ ಛಲೋ ಕೆಲಸ ತಮ್ಮಾ. ಯಾರ ಮಾಡ್ಯಾರೋ, ಉಸರ ಹಿಡದ ಮಾಡ್ಯಾರ. ಎಡಗಡಿ ಗಿಳಿ ಮೂತಿ ತುಸು ಮೊಂಡ ಐತಿ, ಅದೊಂದ ಬಿಟ್ರ ಹೆಸರಿಡೂ ಹಂಗಿಲ್ಲ."

ಎರಡು ಮನೆ ದಾಟಿ ಬಂದಿತ್ತು ಅದು. ಎಷ್ಟು ಜನ ಮುಟ್ಟಿರಬೇಕು, ಸುತ್ತಿರಬೇಕು, ಬಿಚ್ಚಿರಬೇಕು. ಕೊಕ್ಕಿನ ಆ ತುದಿಯನ್ನು ಕಂಡವಳು ಒಬ್ಬಳೇ. ನನಗೆ ಅಳು ಬಂತು. ಕೆಮ್ಮಿದೆ.

"ಅಷ್ಟ ಛಲೋ ಇದ್ರ ನಮಗ್ಯಾಕ ಕೊಡ್ತೀಯಕ್ಕಾ? ಇಟ್ಕೋ."

"ಹುಚ್ಚಪ್ಪ, ನನ್ನ ತಮ್ಮನ ಮನ್ಯಾಗ ಮೊದಲನೇ ಕುಬಸಾ. ಮನ್ಯಾಗ ಇದಕಿಂತ ಚಂದಂದು ಮತ್ತೊಂದ ಇರಲಿಲ್ಲ, ತಂದೆ." ಹಾಗೆಂದು ಹಿತ್ತಲ ಕೋಣೆಯಲ್ಲಿ ಪಂಚೆ ಹೊದ್ದು ಕೂತಿದ್ದ ಮಷೀನಿನ ಕಡೆ ಕೈ ತೋರಿಸಿದಳು. "ನೀನೂ ಏನೇನೋ ಕೊರಿತಿದ್ದೆಲ್ಲ, ಇದನ್ನ ಮುಂದಿಟ್ಕೊಂಡ ಕುಂದರು. ಹೆಂಗ ಮಾಡ್ಬೇಕು ಅಂತ ನೋಡಿ ಕಲಿ."

ಹೇಳಿದ್ದರೆ ಆಕೆಗೆ ಸಂತೋಷವಾಗುತ್ತಿತ್ತೇನೋ, ಒಂದು ಗಳಿಗೆ. ಮರುಗಳಿಗೆಗೆ, ತಮ್ಮನ ಕೈಯ ವಸ್ತುವನ್ನು ತಮ್ಮನ ಮನೆಗೇ ಆಯೇರಿ ತಂದೆನಲ್ಲ ಎಂದು, ಬಳೆ ತೊಟ್ಟ ಹೆಂಗಸರ ನಡುವೆ ತಲೆ ಎತ್ತದೆ ಕೂರುತ್ತಿದ್ದಳು. ಜನ್ಮದಲ್ಲಿ ಒಮ್ಮೆ ಬಂದ ಶಾಭಾಸ್ಗಿರಿ, ಯಾರಿಗೋ ಬಂದದ್ದೆಂದು ಕೇಳಿಸಿಕೊಂಡು ನಿಂತೆ. ಪಾಲಿಶ್ ಉಳಿಯಿತು, ಹೆಸರು ಹೋಯಿತು. "ಹೂನಕ್ಕಾ, ಕಲೀತೇನಿ" ಎಂದೆ.

ಸಂಜೆ ಬಸ್ಸು ಹತ್ತಿಸುವಾಗ ಆಕೆ ಸೆರಗು ಸರಿಮಾಡಿಕೊಳ್ಳುತ್ತ, ಯಾರಿಗೋ ಹೇಳುವಂತೆ ಹೇಳಿದಳು: "ಮೊಳಿ ಹಂಗ ಬಿಟ್ಟ ಬಂದೇನಿ. ಗ್ವಾಡಿ ಖಾಲಿ ಖಾಲಿ ಕಾಣಾಕತ್ತೇತಿ."

ಮರುದಿನ ಗಿಳಿಗಳ ಮೇಲೆ ಟ್ರೇಸಿಂಗ್ ಹಾಳೆ ಹಾಸಿದೆ. ಮೂವತ್ತು ವರ್ಷ ಕಂಡವರ ಗೆರೆಯ ಮೇಲೆ ಗೆರೆ ಎಳೆದವನು, ಈಗ ನನ್ನ ಗೆರೆಯನ್ನೇ ಕಂಡವರದೆಂಬಂತೆ ಎಳೆಯಬೇಕಾಗಿತ್ತು. ಎಡಗಡೆಯ ಕೊಕ್ಕನ್ನು ಮಾತ್ರ ಚೂಪು ಮಾಡಿದೆ. ಆಮೇಲೆ ಸ್ಕೂಟರ್ ತೆಗೆದು ಗೋಕುಲ ರಸ್ತೆಗೆ ಹೋದೆ. ಮಾಲೀಕರು ಎಂದಿನಂತೆ ಕುರ್ಚಿ ಎಳೆದರು, ಚಹಾ ತರಿಸಿದರು.

"ಭಾಳ ದಿನಾ ಆತಲ್ರಿ ಸರ. ಮನಿ ಎಲ್ಲೀಮಟ ಬಂತ್ರಿ?"

"ಎಲ್ಲಾ ಆಗೇತ್ರಿ. ಒಂದ ಗ್ವಾಡಿ ಉಳದೈತಿ. ಆ ತರಿಸಬೇಕಂದಿದ್ದ ಮೂರು ಎಂಎಂ ಪ್ಲೈ, ಎಂಟು-ನಾಲ್ಕಿಂದು, ಇಡೀ ಶೀಟ ತರಸ್ರಿ."

"ಒಂದ ಗ್ವಾಡಿಗೆ ಅಷ್ಟ ತುಟ್ಟಿ ಮಾಲ ಯಾಕ್ರಿ ಸರ? ಸಾದಾದ್ದ ಹಾಕ್ರಿ, ನಡೀತೈತಿ."

"ನಡಿಯೂದಿಲ್ರಿ" ಎಂದೆ. "ಆ ಗ್ವಾಡಿಗೆ ಮೊಳಿ ಹೊಡದ ಇಟ್ಟಾರ."